ಸಹಾಯ ಬೇಕು: ಆಲೆಮನೆ ಕಾರ್ಮಿಕರ ಕ್ಷಯ ತಪಾಸಣೆಗೆ

ಎಲ್ಲರಿಗೂ ನಮಸ್ಕಾರ. ಪಾಂಡವಪುರ ತಾಲ್ಲೂಕಿನ ನಮ್ಮ ಊರಿನ ಆಲೆಮನೆಗಳಲ್ಲಿ ದುಡಿಯಲು ಉತ್ತರ ಪ್ರದೇಶದಿಂದ ಬಂದಿರುವ ಕುಟುಂಬಗಳಿಗೆ ಕ್ಷಯರೋಗದ ತಪಾಸಣೆ ಮಾಡಿಸಬೇಕೆಂದು ನಾವು ಕೆಲವರು ಓಡಾಡುತ್ತಿದ್ದು, ಬಲ್ಲವರ ನೆರವು ಬೇಕಾಗಿದೆ.

ಕೊಪ್ಪರಿಗೆಯಿಂದ ನಾಲ್ಕು ಹೆಜ್ಜೆ ದೂರದಲ್ಲೇ ತಗಡಿನ ಶೆಡ್ಡು, ಒಂದೇ ಬಾಗಿಲು, ಕಿಟಕಿಯಿಲ್ಲ, ಒಳಗೆ ಏಳು ಜನ ಮಲಗುತ್ತಾರೆ. ಅವರಲ್ಲೊಬ್ಬರು ತಿಂಗಳಿನಿಂದ ಕೆಮ್ಮುತ್ತಿದ್ದರೂ ಒಲೆಯ ಹೊಗೆಗೆ ಬಂದ ಕೆಮ್ಮೆಂದು ಎಲ್ಲರೂ ಸುಮ್ಮನಿದ್ದರು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಆದರೆ ದಿನದ ಕೂಲಿ ಬಿಟ್ಟು ಬರಲು ಅವರು ಒಪ್ಪುತ್ತಿಲ್ಲ, ರೋಗವೆಂದು ತಿಳಿದರೆ ಕೆಲಸ ಹೋದೀತೆಂಬ ಭಯ ಬೇರೆ.

ಕೆಮ್ಮಿಲ್ಲದವರಲ್ಲೂ ರೋಗವಿರಬಹುದಾದ್ದರಿಂದ, ಹೊತ್ತು ತರಬಹುದಾದ ಎಕ್ಸ್‌ರೇ ಯಂತ್ರವನ್ನು ಆಲೆಮನೆಗೇ ತರಿಸಲು ಯಾರಿಗೆ ಅರ್ಜಿ ಕೊಡಬೇಕೆಂದು ತಿಳಿಸಿ. ಹಿಂದಿ ಅಥವಾ ಭೋಜಪುರಿ ಬಲ್ಲವರು, ಮುಖ್ಯವಾಗಿ ಹೆಣ್ಣುಮಕ್ಕಳು, ಒಂದು ಭಾನುವಾರ ಬಂದರೆ ದೊಡ್ಡ ಉಪಕಾರ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಮುಂದಿನ ಮಾತು. ಸಾಮಾನ್ಯ ಕ್ಷಯಕ್ಕೂ 6 ತಿಂಗಳು ಮಾತ್ರೆ ನುಂಗಬೇಕು, ಇವರೋ ಯಾವ ದಿನ ಗಂಟುಮೂಟೆ ಕಟ್ಟುತ್ತಾರೋ ಹೇಳಲಾಗದು. ನಿಕ್ಷಯ್ ಸಂಖ್ಯೆ, ಅಂದರೆ ಕ್ಷಯರೋಗಿಗಳಿಗೆ ಸರ್ಕಾರ ಕೊಡುವ ನೋಂದಣಿ ಸಂಖ್ಯೆಯಿದ್ದರೆ ಚಿಕಿತ್ಸೆಯನ್ನು ಅವರ ಊರಿನ ಆಸ್ಪತ್ರೆಗೆ ವರ್ಗಾಯಿಸಬಹುದು. ಹಾಗೆ ವರ್ಗಾಯಿಸಿ, ಆ ಕಡೆ ಮಾತ್ರೆ ಸಿಕ್ಕಿತೇ ಎಂದು ವಿಚಾರಿಸಿದ ಅನುಭವ ಯಾರಿಗಾದರೂ ಇದೆಯೇ? ಚಿಕಿತ್ಸೆಯಲ್ಲಿರುವವರಿಗೆ ತಿಂಗಳಿಗೆ 1000 ರೂಪಾಯಿ ಪೋಷಣೆಯ ಹಣ ಬರುತ್ತದೆ, ಬ್ಯಾಂಕ್ ಖಾತೆ ಇಲ್ಲದವರಿಗೆ ಏನು ಮಾಡಿದಿರಿ ಎಂಬುದನ್ನೂ ಬರೆಯಿರಿ.

ಕಾರ್ಮಿಕರ ಹೆಸರು, ಫೋಟೊ ಮಾತ್ರ ಗುಂಪಿನಲ್ಲಿ ಹಾಕಬೇಡಿ.