ಟೀಚರನ್ನು ಕೇಳಿ: ‘ಸ್ಟ್ರೆಂಗ್ತನ್’ ಅಂದರೆ ಏನು, ಎಲ್ಲಿ ಬಳಸಬೇಕು?

(ಕೇರಳದ ಕಾಸರಗೋಡು ಜಿಲ್ಲೆಯ ಕನ್ನಡ ಮೀಡಿಯಂ ಪೋಷಕರ ಮೊಬೈಲ್ ಗುಂಪಿನಿಂದ)

ಕುಂಬಳೆಯ ಅಮ್ಮ: ನಮಸ್ಕಾರ ಟೀಚರ್. ಮಗ ಎಂಟನೇ ಕ್ಲಾಸು. ‘ಬಲಪಡಿಸು’ ಅನ್ನುವುದಕ್ಕೆ ‘ಸ್ಟ್ರಾಂಗನ್’ ಅಂತ ಬರೆದಿದ್ದಾನೆ. ವೈಡ್‌ಗೆ ವೈಡನ್ ಆಗುತ್ತದೆ ಅಲ್ವಾ, ಇದೂ ಸರಿಯಾ?

ಟೀಚರ್: ತಪ್ಪು. ಆದರೆ ಹುಡುಗ ಯೋಚಿಸಿ ಬರೆದಿದ್ದಾನೆ, ಬೈಯಬೇಡಿ. ವೈಡ್, ಡೀಪ್, ಶಾರ್ಟ್, ಬ್ಲ್ಯಾಕ್ ಇವುಗಳ ಕೊನೆಗೆ ‘ಅನ್’ ಸಲೀಸಾಗಿ ಅಂಟುತ್ತದೆ. ಸ್ಟ್ರಾಂಗ್, ಲಾಂಗ್ ಮೂಗಿನ ಸದ್ದಿನಲ್ಲಿ ಮುಗಿಯುತ್ತವೆ, ಹೈ ಸ್ವರದಲ್ಲಿ. ಅಲ್ಲಿ ಅಂಟುವುದಿಲ್ಲ. ಅದಕ್ಕೇ ಸ್ಟ್ರೆಂಗ್ತ್, ಲೆಂಗ್ತ್, ಹೈಟ್ ಅನ್ನುವ ನಾಮಪದ ಹಿಡಿದು ಸ್ಟ್ರೆಂಗ್ತನ್, ಲೆಂಗ್ತನ್, ಹೈಟನ್ ಮಾಡಿದ್ದಾರೆ. ಬರೆಯುವಾಗ ನಡುವಿನ ‘ಜಿ’ ಬಿಡಬಾರದು.

ಉಪ್ಪಳದ ಸದಸ್ಯ: (ಫಾರ್ವರ್ಡ್) ಯಾವ ಪದಕ್ಕೂ ‘ಅನ್’ ಸೇರಿಸಿ, ಕ್ರಿಯಾಪದ ರೆಡಿ! 7 ದಿನದಲ್ಲಿ ಇಂಗ್ಲಿಷ್!

ಟೀಚರ್: ಇದನ್ನು ಮಕ್ಕಳಿಗೆ ತೋರಿಸಬೇಡಿ. ಸ್ಲೋ, ಥಿನ್, ಗ್ರೀನ್‌ಗೆ ‘ಅನ್’ ಹಾಕಿದರೆ ಇಲ್ಲದ ಪದ ಹುಟ್ಟುತ್ತದೆ. ಮೇಲೆ ಅಷ್ಟು ಬರೆದಿದ್ದೇನೆ, ಓದಿ.

ಬದಿಯಡ್ಕದ ಸದಸ್ಯ: ರೀಇನ್‌ಫೋರ್ಸ್ ಅಂದರೂ ಇದೇನಾ?

ಟೀಚರ್: ಆರ್‌ಸಿಸಿಯ ಮೊದಲ ‘ಆರ್’ ಅದೇ. ಕಾಂಕ್ರೀಟ್ ಭಾರ ತಾಳುತ್ತದೆ, ಎಳೆತ ತಾಳುವುದಿಲ್ಲ. ಅದಕ್ಕೆ ಕಬ್ಬಿಣದ ಸರಳು ಹಾಕುತ್ತಾರೆ. ಹೀಗೆ ಇನ್ನೊಂದನ್ನು ಸೇರಿಸಿ ಗಟ್ಟಿ ಮಾಡಿದರೆ ರೀಇನ್‌ಫೋರ್ಸ್. ವ್ಯಾಯಾಮದಿಂದ ಮಂಡಿ ಗಟ್ಟಿಯಾದರೆ ಸ್ಟ್ರೆಂಗ್ತನ್.

ಪೈವಳಿಕೆಯ ಪಿಟಿಎ (ಪೋಷಕ-ಶಿಕ್ಷಕ ಸಂಘ) ಸದಸ್ಯ: ಟೀಚರ್, ನಾಳೆ ಮನವಿ ಕೊಡಬೇಕು. ‘ಪ್ಲೀಸ್ ಇನ್‌ಕ್ರೀಸ್ ದ ಸ್ಟ್ರೆಂಗ್ತ್ ಆಫ್ ಅವರ್ ಕನ್ನಡ ಡಿವಿಷನ್’ ಅಂತ ಬರೆದಿದ್ದೇವೆ. ಸಾಕಾ? ನಮಗೆ ಕನ್ನಡ ಬರುವ ಗಣಿತದ ಟೀಚರ್ ಬೇಕು.

ಟೀಚರ್: ದಯವಿಟ್ಟು ಹೀಗೆ ಕೊಡಬೇಡಿ. ಶಾಲೆಯಲ್ಲಿ ಸ್ಟ್ರೆಂಗ್ತ್ ಅಂದರೆ ಮಕ್ಕಳ ತಲೆ ಎಣಿಕೆ. ಶಾಲೆ ತೆರೆದ ಆರನೇ ಕೆಲಸದ ದಿನ ಎಣಿಸಿ ಹುದ್ದೆ ನಿಗದಿ ಮಾಡುತ್ತಾರಲ್ಲ, ಆ ಲೆಕ್ಕ. ನಿಮ್ಮ ವಾಕ್ಯ ಓದಿದವರು ‘ಮಕ್ಕಳನ್ನು ಸೇರಿಸಬೇಕಾದವರು ನೀವು’ ಅನ್ನುತ್ತಾರೆ. ನನ್ನ ಸರ್ವಿಸ್‌ನಲ್ಲಿ ಇಂಥ ಒಂದು ಕಾಗದ ಹಾಗೇ ವಾಪಸ್ ಬಂದಿತ್ತು. ವರ್ಷವಿಡೀ ಮಕ್ಕಳು ಅರ್ಥವಾಗದ ಭಾಷೆಯಲ್ಲಿ ಲೆಕ್ಕ ಕೇಳಿದರು. ಬೋರ್ಡಿನಲ್ಲಿದ್ದದ್ದನ್ನು ಚಿತ್ರ ಬಿಡಿಸಿದ ಹಾಗೆ ಇಳಿಸಿಕೊಳ್ಳುತ್ತಿದ್ದರು. ‘ಸ್ಟ್ರೆಂಗ್ತನ್’ ಬಳಸಿ. ಆದರೆ ಅದೊಂದೇ ಸಾಲದು. ಯಾವುದರಿಂದ ಬಲ ಬರಬೇಕು ಅಂತ ‘ಬೈ’ ಹಾಕಿ ಹೇಳಿ: ‘ಸ್ಟ್ರೆಂಗ್ತನ್ ದ ಕನ್ನಡ ಡಿವಿಷನ್ ಬೈ ಅಪಾಯಿಂಟಿಂಗ್ ಎ ಮ್ಯಾಥ್ಸ್ ಟೀಚರ್ ಹೂ ನೋಸ್ ಕನ್ನಡ.’

ಪೆರ್ಲದ ಸದಸ್ಯ: ಕನ್ನಡ ಟೀಚರ್ ಕೇಳಲು ಇಂಗ್ಲಿಷ್ ಮನವಿ ಯಾಕೆ? ಸಂವಿಧಾನದ 350ನೇ ವಿಧಿ ಪ್ರಕಾರ ಕನ್ನಡದಲ್ಲೇ ಕೊಡಬಹುದು.

ಪಿಟಿಎ ಸದಸ್ಯ: ಮೇಜಿನ ಆಚೆ ಕೂತವರಿಗೆ ಓದಲು ಬರಬೇಕಲ್ಲ.

ಪೆರ್ಲದ ಸದಸ್ಯ: ಹೀಗೆ ಬಿಟ್ಟುಕೊಟ್ಟೇ ಇಲ್ಲಿಗೆ ಬಂದದ್ದು ನಾವು.

ಪಿಟಿಎ ಸದಸ್ಯ: ನೀವು ಮೊಬೈಲಿನಲ್ಲಿ ಬರೆಯುತ್ತೀರಿ. ಕೂಲಿ ಬಿಟ್ಟು ಆಫೀಸಿಗೆ ಅಲೆಯುವವರು ನಾವು.

ಬದಿಯಡ್ಕದ ಸದಸ್ಯ: ರೇಷನ್ ಅಕ್ಕಿಗೆ ಫೋರ್ಟಿಫೈಡ್ ಅನ್ನುತ್ತಾರಲ್ಲ, ಅದೂ ಇದೇ ಅರ್ಥವಾ?

ಪೆರ್ಲದ ಸದಸ್ಯ: ಅಲೆಯುವುದು ನೀವೊಬ್ಬರೇ ಅಲ್ಲ. ನನ್ನ ಮಕ್ಕಳೂ ಕನ್ನಡ ಮೀಡಿಯಂ.

ಉಪ್ಪಳದ ಸದಸ್ಯ: ಹಾಗಾದರೆ ಸ್ಟ್ರಾಂಗನ್ ಬರೆಯಬಹುದಾ ಟೀಚರ್?

ಟೀಚರ್: ಇಲ್ಲ. ಮೂರನೇ ಸಲ ಹೇಳುತ್ತಿದ್ದೇನೆ. ಇನ್ನಿಬ್ಬರೂ ಜಗಳ ನಿಲ್ಲಿಸಿ, ಕಾಗದ ನಾಳೆ ಹೋಗಬೇಕು. ಕನ್ನಡದ ಮನವಿ ಮೇಲೆ, ಇಂಗ್ಲಿಷಿನದು ಅದರ ಜೊತೆಗೆ.

ಪಿಟಿಎ ಸದಸ್ಯ: ಆಯ್ತು ಟೀಚರ್. ಕನ್ನಡದ್ದಕ್ಕೆ ಏನು ಬರೆಯಲಿ, ‘ಬಲಪಡಿಸಿ’ ಅಂತಲಾ?

ಟೀಚರ್: ‘ಕನ್ನಡ ಬರುವ ಗಣಿತ ಟೀಚರನ್ನು ನೇಮಿಸಿ’ ಅಂತ ಬರೆಯಿರಿ. ಒಂದು ಪ್ರತಿಗೆ ಸೀಲ್ ಹಾಕಿಸಿಕೊಂಡೇ ಬನ್ನಿ.