ಗಡೀಪಾರಾಗಲಿರುವ ಪರದೇಶಿಗೆ ಚರ್ಚಿನಲ್ಲಿ ಆಶ್ರಯ: ಸತ್ಯವೇದದ ಮಾತು ಎಲ್ಲಿಯವರೆಗೆ ಅನ್ವಯಿಸುತ್ತದೆ?

ಪ್ರಶ್ನೆ (ಉಡುಪಿಯವನು)

ನಾನು ಉಡುಪಿ ಕಡೆಯವನು, ಸಿಎಸ್‌ಐ (ದಕ್ಷಿಣ ಭಾರತ ಸಭೆ) ಎಂಬ ಪ್ರೊಟೆಸ್ಟಂಟ್ ಸಭೆಯಲ್ಲಿ ಬೆಳೆದವನು. ಒಂಬತ್ತು ವರ್ಷಗಳಿಂದ ಜರ್ಮನಿಯ ಒಂದು ನಗರದಲ್ಲಿ ಎಂಜಿನಿಯರನಾಗಿ ದುಡಿಯುತ್ತಿದ್ದೇನೆ. ಇಲ್ಲಿನ ಪ್ರೊಟೆಸ್ಟಂಟ್ ಸಭೆಯ ಹಿರಿಯರ ಮಂಡಳಿಗೆ ಕಳೆದ ಬಾರಿ ನನ್ನನ್ನೂ ಆರಿಸಿದರು. ಮುಂದಿನ ಗುರುವಾರ ಆ ಮಂಡಳಿ ಒಂದು ವಿಷಯವನ್ನು ತೀರ್ಮಾನಿಸಬೇಕಾಗಿದೆ. ಬಲ್ಗೇರಿಯದಲ್ಲಿ ಬೆರಳಚ್ಚು ಕೊಟ್ಟು ಇಲ್ಲಿಗೆ ಬಂದಿರುವ ಸಿರಿಯದ ಯುವಕನೊಬ್ಬನನ್ನು ಆಶ್ರಯದ ಅರ್ಜಿಯನ್ನು ಸಾಮಾನ್ಯವಾಗಿ ಮೊದಲು ಕಾಲಿಟ್ಟ ಯುರೋಪಿನ ದೇಶವೇ ವಿಚಾರಿಸಬೇಕೆಂಬ ಡಬ್ಲಿನ್ ನಿಯಮದ ಪ್ರಕಾರ ಅಲ್ಲಿಗೇ ಹಿಂದಕ್ಕೆ ಕಳುಹಿಸಲಿದ್ದಾರೆ. ಹಾಗೆ ಕಳುಹಿಸಲು ಸರ್ಕಾರಕ್ಕಿರುವ ಆರು ತಿಂಗಳ ಗಡುವು ಮುಗಿಯುವವರೆಗೆ ಅವನನ್ನು ಚರ್ಚಿನ ಕಟ್ಟಡದಲ್ಲಿ ಇರಿಸಿಕೊಳ್ಳಬೇಕೆ, ಬೇಡವೆ ಎಂಬುದು ನಮ್ಮ ಮುಂದಿರುವ ಪ್ರಶ್ನೆ. ಗಡುವು ಮೀರಿತೆಂದರೆ ಅವನ ಅರ್ಜಿಯನ್ನು ಜರ್ಮನಿಯೇ ವಿಚಾರಿಸಬೇಕಾಗುತ್ತದೆ. 1983ರಲ್ಲಿ ಬರ್ಲಿನ್ನಿನ ಕ್ರಾಯ್ಟ್ಸ್‌ಬೆರ್ಗ್‌ನ ಚರ್ಚೊಂದರಲ್ಲಿ ಆರಂಭವಾದ ಈ ಪದ್ಧತಿಗೆ ಕಾನೂನಿನ ಆಧಾರವಿಲ್ಲ. ಪೊಲೀಸರು ಚರ್ಚಿನೊಳಗೆ ನುಗ್ಗಲು ಹಿಂಜರಿಯುತ್ತಾರೆ ಎಂಬುದೊಂದೇ ಅದರ ಬಲ.

ಸಂಡೇ ಸ್ಕೂಲಿನ ಕೋಣೆಯನ್ನು ಈಗಾಗಲೇ ತೆರವು ಮಾಡಿದ್ದಾರೆ. ಮಕ್ಕಳ ಕುಳ್ಳ ಮೇಜುಗಳನ್ನು ಗೋಡೆಗೆ ಒತ್ತಿ ಮಡಚುವ ಮಂಚವೊಂದನ್ನು ಹಾಕಿದ್ದಾರೆ; ಯಾವ ದಿನ ಯಾರ ಮನೆಯ ಊಟ ಎಂಬ ಪಟ್ಟಿಯನ್ನು ಬಾಗಿಲಿಗೆ ಅಂಟಿಸಿದ್ದಾರೆ. ಅದರಲ್ಲಿ ಶನಿವಾರದ ಸಾಲು ಮಾತ್ರ ಖಾಲಿಯಿದೆ.

ನನ್ನ ಅಳುಕನ್ನು ಮುಚ್ಚಿಡುವುದಿಲ್ಲ. ಪದವಿ ಪತ್ರದ ಅನುವಾದ, ಸಂಬಳದ ಚೀಟಿ, ಬಾಡಿಗೆ ಕರಾರು ಎಲ್ಲವನ್ನೂ ಕಡತದಲ್ಲಿ ಜೋಡಿಸಿಕೊಂಡು, ವಿದೇಶಿಯರ ಕಚೇರಿಯ ಮುಂದೆ ನಸುಕಿನ ಚಳಿಯಲ್ಲಿ ಸರತಿ ನಿಂತವನು ನಾನು. ಆ ಸರತಿಯಲ್ಲಿ ನಿಲ್ಲದೆ ಬಂದವನಿಗೂ ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಪರದೇಶಿಯನ್ನು ಸೇರಿಸಿಕೊಂಡವರ ಬಗ್ಗೆ ಬರುವ ಮಾತು ಅನ್ವಯಿಸುತ್ತದೆಯೆ? ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ 1 (ಹಕ್ಕಲು ತೆನೆ)

ಮೊದಲು ಪದವನ್ನೇ ನೋಡೋಣ. ನಮ್ಮ ಆಡುಮಾತಿನಲ್ಲಿ 'ಪರದೇಶಿ' ಎಂದಾಗ ಹೊರನಾಡಿನವನು ಎಂಬುದಕ್ಕಿಂತ, ಹೇಳುವವರು ಕೇಳುವವರು ಇಲ್ಲದವನು ಎಂಬ ಅರ್ಥವೇ ಮೊದಲು ಹೊಳೆಯುತ್ತದೆ. ಹೀಬ್ರೂ ಭಾಷೆಯ 'ಗೇರ್' ಎಂಬ ಪದದಲ್ಲಿಯೂ ಬಹುಮಟ್ಟಿಗೆ ಇದೇ ಛಾಯೆಯಿದೆ: ಸ್ವಂತ ಹೊಲವಿಲ್ಲದೆ, ಬಂಧುಗಳ ಬೆಂಬಲವಿಲ್ಲದೆ, ಪರರ ನಡುವೆ ಬಂದು ನೆಲೆಸಿದವನು. ಅವನನ್ನು ಸ್ವದೇಶದವನಂತೆ ಕಾಣಬೇಕು, ನಿನ್ನಂತೆಯೇ ಪ್ರೀತಿಸಬೇಕು, ಏಕೆಂದರೆ ನೀವೂ ಐಗುಪ್ತ ದೇಶದಲ್ಲಿ ಪರದೇಶಿಗಳಾಗಿದ್ದಿರಿ ಎನ್ನುತ್ತದೆ ಯಾಜಕಕಾಂಡದ 19ನೆಯ ಅಧ್ಯಾಯ.

'ಗೇರ್' ಎಂದರೆ ಅನುಮತಿ ಪಡೆದು ನೆಲೆಸಿದವನು ಮಾತ್ರ, ಹಾಗೆ ನೆಲೆಸದ ಅನ್ಯನಿಗೆ 'ನೊಕ್ರಿ' ಎಂಬ ಬೇರೆ ಪದವಿದೆ, ಆದ್ದರಿಂದ ಈ ಆಜ್ಞೆ ಎಲ್ಲರಿಗೂ ಸಲ್ಲದು ಎಂದು ವಾದಿಸುವ ವಿದ್ವಾಂಸರಿದ್ದಾರೆ. ವಾದದಲ್ಲಿ ಹುರುಳಿಲ್ಲದಿಲ್ಲ, ಬಡ್ಡಿ, ಸಾಲಮನ್ನಾ ಮುಂತಾದ ವಿಷಯಗಳಲ್ಲಿ ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡವು ನೊಕ್ರಿಯನ್ನು ಬೇರೆಯಾಗಿಯೇ ಇಡುತ್ತದೆ. ಆದರೆ ಇಸ್ರಾಯೇಲ್ಯಳಲ್ಲದ ಮೋವಾಬಿನ ರೂತಳು ಇಸ್ರಾಯೇಲ್ಯನಾದ ಬೋವಜನ ಹೊಲದಲ್ಲಿ ಅಡ್ಡಬಿದ್ದು ತನ್ನನ್ನು ಕರೆದುಕೊಳ್ಳುವುದು 'ನೊಕ್ರಿ' ಎಂಬ ಪದದ ಸ್ತ್ರೀರೂಪದಿಂದಲೇ. ಹತ್ತನೆಯ ತಲೆಮಾರಿನವರೆಗೂ ಮೋವಾಬ್ಯರು ಸಭೆಗೆ ಸೇರಬಾರದು ಎಂಬ ಕಟ್ಟಳೆ ಅದೇ ಧರ್ಮೋಪದೇಶಕಾಂಡದಲ್ಲಿದೆ. ಹಾಗಿದ್ದೂ ಆಕೆ ದಾವೀದನ ಮುತ್ತಜ್ಜಿಯಾದಳು, ಮತ್ತಾಯನು ಬರೆದಿಟ್ಟ ಯೇಸುವಿನ ವಂಶಾವಳಿಯಲ್ಲಿ ಆಕೆಯ ಹೆಸರು ಸೇರಿತು.

ಆಕೆ ಆ ಹೊಲಕ್ಕೆ ಕಾಲಿಟ್ಟದ್ದು ಹೇಗೆ ಎಂಬುದನ್ನೂ ಗಮನಿಸಬೇಕು. ಹೊಲದ ಅಂಚನ್ನು ಪೂರ್ತಿ ಕೊಯ್ಯಬಾರದು, ಕೊಯ್ಲಿನಲ್ಲಿ ಉದುರಿ ಉಳಿದ ಹಕ್ಕಲನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು ಎಂಬ ವಿಧಿ ಅದೇ 19ನೆಯ ಅಧ್ಯಾಯದಲ್ಲಿದೆ. ಬೋವಜನು ಕರುಣಾಳು ನಿಜ, ಕೆಲಸದವರಿಗೆ ಹೇಳಿ ಸಿವುಡಿನಿಂದ ತೆನೆಗಳನ್ನು ಬೇಕೆಂದೇ ಉದುರಿಸಿಸಿದನು. ಆದರೆ ಅವನು ಕರುಣಾಳುವಲ್ಲದಿದ್ದರೂ ಆ ಅಂಚಿನ ತೆನೆ ಅವನದಾಗಿರಲಿಲ್ಲ. ನಿಮ್ಮ ಸಭೆಯ ಹೊಲದ ಅಂಚು ಆ ಸಂಡೇ ಸ್ಕೂಲಿನ ಕೋಣೆ ಎಂದು ನನಗೆ ತೋರುತ್ತದೆ.

ಉತ್ತರ 2 (ವ್ಯವಸ್ಥೆಯ ಪರ)

ಮೇಲಿನವರ ವ್ಯಾಖ್ಯಾನ ಸೊಗಸಾಗಿದೆ, ಆದರೆ ಬೋವಜನು ಕೊಟ್ಟದ್ದು ತನ್ನ ಹೊಲದ ತೆನೆಯನ್ನು. ಇಲ್ಲಿ ಮಂಡಳಿ ನಿರ್ಧರಿಸಹೊರಟಿರುವುದು ಇಡೀ ದೇಶದ ಹೊಣೆಗೆ ಸೇರಿದ ವಿಷಯವನ್ನು. ಆಳುವ ಅಧಿಕಾರಿಗಳಿಗೆ ಅಧೀನರಾಗಿರಬೇಕು ಎನ್ನುವ, ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯವೂ ಸತ್ಯವೇದದಲ್ಲಿಯೇ ಇದೆ. ಕ್ಯಾಥೊಲಿಕ್ ಸಭೆಯ ಬೋಧನೆಗಳ ಸಂಗ್ರಹವಾದ ಧರ್ಮೋಪದೇಶ ಗ್ರಂಥದ (ಕ್ಯಾಟಿಕಿಸಂ) 2241ನೆಯ ಪರಿಚ್ಛೇದವು, ಸಂಪನ್ನ ರಾಷ್ಟ್ರಗಳು ತಮ್ಮ ಶಕ್ತಿಯಿದ್ದಷ್ಟು ಪರದೇಶಿಯನ್ನು ಬರಮಾಡಿಕೊಳ್ಳಬೇಕು ಎಂದ ಬೆನ್ನಿಗೇ, ಸಾರ್ವಜನಿಕ ಹಿತಕ್ಕಾಗಿ ಸರ್ಕಾರಗಳು ವಲಸೆಗೆ ಷರತ್ತು ಹಾಕಬಹುದು, ವಲಸಿಗನು ಆ ನಾಡಿನ ಕಾನೂನನ್ನು ಪಾಲಿಸಬೇಕು ಎಂದೂ ಹೇಳುತ್ತದೆ. ಎರಡು ಮಾತಿನಲ್ಲಿ ಒಂದನ್ನೇ ಓದುವುದು ನ್ಯಾಯವಲ್ಲ.

2025ರ ಜನವರಿಯಲ್ಲಿ ಅಮೆರಿಕದ ಉಪಾಧ್ಯಕ್ಷ ಜೆ. ಡಿ. ವ್ಯಾನ್ಸ್ ಅವರು ಪ್ರೀತಿಗೂ ಒಂದು ಕ್ರಮವಿದೆ, ಮೊದಲು ಮನೆಯವರು, ಆಮೇಲೆ ನೆರೆಯವರು, ದೇಶದವರು, ಕೊನೆಗೆ ಉಳಿದ ಜಗತ್ತು ಎಂದರು. ಮರುತಿಂಗಳು ಪೋಪ್ ಫ್ರಾನ್ಸಿಸ್ ಅವರು ಅಮೆರಿಕದ ಬಿಷಪರಿಗೆ ಪತ್ರ ಬರೆದು, ಆ ಕ್ರಮ ಯಾವುದೆಂಬುದು, ದಾರಿಯಲ್ಲಿ ಬಿದ್ದಿದ್ದ ಅಪರಿಚಿತ ಗಾಯಾಳುವನ್ನು ಉಪಚರಿಸಿದ ಒಳ್ಳೆಯ ಸಮಾರ್ಯದವನ ಸಾಮ್ಯವನ್ನು ಧ್ಯಾನಿಸಿದರೆ ತಿಳಿಯುತ್ತದೆ ಎಂದು ಉತ್ತರಿಸಿದರು. ಪೋಪರ ಮಾತಿಗೆ ನಾನು ತಲೆಬಾಗುತ್ತೇನೆ. ಆದರೂ ಆ ಸಮಾರ್ಯದವನು ಗಾಯಾಳುವಿನ ಖರ್ಚಿಗೆ ಛತ್ರದವನಿಗೆ ಕೊಟ್ಟ ಎರಡು ಹಣ ಅವನ ಸ್ವಂತ ಜೇಬಿನದು.

ಹೇಗ್ ನಗರದ ಬೆತೆಲ್ ಚರ್ಚಿನ ಪ್ರಕರಣವನ್ನು ಇಂಥ ಚರ್ಚೆಗಳಲ್ಲಿ ಎಲ್ಲರೂ ಹೊಗಳುತ್ತಾರೆ. ಆರಾಧನೆ ನಡೆಯುತ್ತಿರುವಾಗ ಪೊಲೀಸರು ಒಳಗೆ ಬರುವಂತಿಲ್ಲ ಎಂಬ ನೆದರ್ಲೆಂಡ್ಸ್‌ನ ಕಾನೂನನ್ನು ಹಿಡಿದು, 2018ರ ಅಕ್ಟೋಬರ್ 26ರಿಂದ 2019ರ ಜನವರಿ 30ರವರೆಗೆ 96 ದಿನ, ಹಗಲೂ ಇರುಳೂ, ಒಬ್ಬ ಬೋಧಕರು ಮುಗಿಸುವ ಮೊದಲೇ ಇನ್ನೊಬ್ಬರು ಆರಂಭಿಸುವಂತೆ ಆರಾಧನೆ ನಡೆಸಿ ಅರ್ಮೇನಿಯದ ಒಂದು ಕುಟುಂಬವನ್ನು ಕಾಪಾಡಿದರು. ನೂರಾರು ಬೋಧಕರು ದೂರದೂರದಿಂದ ಬಂದು ಸರದಿಯಲ್ಲಿ ನಿಂತದ್ದು ದೊಡ್ಡ ಕೆಲಸವೇ ಸರಿ. ಕಡೆಗೆ ಸರ್ಕಾರ ಮಣಿದು ಸುಮಾರು 700 ಮಕ್ಕಳ ಪ್ರಕರಣಗಳನ್ನು ಮರುಪರಿಶೀಲಿಸಲು ಒಪ್ಪಿತು. ಅದೇ ಒಪ್ಪಂದದಲ್ಲಿ ಬಹುಕಾಲದಿಂದ ಅಲ್ಲಿ ನೆಲೆಸಿದ ಇಂಥ ಮಕ್ಕಳಿಗೆ ಉಳಿಯಲು ಅನುಮತಿ ಕೊಡುತ್ತಿದ್ದ ವಿನಾಯಿತಿ ಯೋಜನೆಯನ್ನೇ ಮುಂದಕ್ಕೆ ಮುಚ್ಚಿದರು, ವಿಶ್ವಸಂಸ್ಥೆಯ ಮೂಲಕ ವರ್ಷಕ್ಕೆ ಕರೆಸಿಕೊಳ್ಳುತ್ತಿದ್ದ ನಿರಾಶ್ರಿತರ ಸಂಖ್ಯೆಯನ್ನು 750ರಿಂದ 500ಕ್ಕೆ ಇಳಿಸಿದರು. ಹಾಗೆ ಹೊರಗುಳಿದ 250 ಮಂದಿಗಾಗಿ ಯಾವ ಚರ್ಚಿನಲ್ಲಿಯೂ ಗಂಟೆ ಬಾರಿಸಲಿಲ್ಲ. ಮತ ಹಾಕುವ ಮುನ್ನ ಇದನ್ನೂ ಯೋಚಿಸಿ ಎಂದಷ್ಟೇ ನನ್ನ ಕೋರಿಕೆ.

ಉತ್ತರ 3 (ಕೊಡಿಯಾಲ)

250ರ ಲೆಕ್ಕ ನನ್ನನ್ನೂ ಚುಚ್ಚಿತು. ಆದರೆ ಆ ಕಡಿತವನ್ನು ಮಾಡಿದ್ದು ಸರ್ಕಾರವೇ ಹೊರತು ಆರಾಧನೆ ನಡೆಸಿದವರಲ್ಲ.

ಮಂಗಳೂರಿನ ಕ್ಯಾಥೊಲಿಕರಾದ ನಾವು ಈ ವಿಷಯದಲ್ಲಿ ಬಾಯಿ ತೆರೆಯುವ ಮೊದಲು ನಮ್ಮ ಮನೆತನದ ಕಥೆಯನ್ನು ನೆನೆಯಬೇಕು. ಯುದ್ಧ, ಕ್ಷಾಮ, ಪೋರ್ಚುಗೀಸರ ಧಾರ್ಮಿಕ ನ್ಯಾಯಾಲಯದ (ಇನ್‌ಕ್ವಿಸಿಷನ್) ಕಿರುಕುಳ ಇವುಗಳಿಗೆ ಬೇಸತ್ತು ಗೋವೆಯಿಂದ ತೆಂಕಣಕ್ಕೆ ಬಂದವರು ನಮ್ಮ ಹಿರಿಯರು. ಅವರಿಗೆ ಬೇಸಾಯದ ಕಸುಬು ಗೊತ್ತಿತ್ತು, ಕೆಳದಿಯ ಅರಸರಿಗೆ ಉಳುವವರು ಬೇಕಾಗಿದ್ದರು. ಕ್ರೈಸ್ತರಲ್ಲದ ಆ ಅರಸರು ನೆಲ ಕೊಟ್ಟು ನೆಲೆ ನಿಲ್ಲಿಸಿದರು. ಪುಣ್ಯಕ್ಕೋ ಕಂದಾಯಕ್ಕೋ ಎಂದು ನಾವು ಇಂದಿಗೂ ಕೇಳಿಕೊಂಡಿಲ್ಲ.

ಇನ್ನೊಂದು ಮಾತು. ಯುವಕನನ್ನು ಒಳಗೆ ಕರೆದುಕೊಂಡ ದಿನವೇ ಅಧಿಕಾರಿಗಳಿಗೆ ವಿಳಾಸ ಸಹಿತ ತಿಳಿಸಬೇಕೆಂದು ಮಂಡಳಿಯ ನಿರ್ಣಯದಲ್ಲಿಯೇ ಬರೆಸಿ. ವಿಳಾಸ ಗೊತ್ತಿರುವವನನ್ನು ತಲೆಮರೆಸಿಕೊಂಡವನೆಂದು ಎಣಿಸಿ ಗಡುವನ್ನು 18 ತಿಂಗಳಿಗೆ ಏರಿಸುವಂತಿಲ್ಲ ಎಂದು 2020ರಲ್ಲಿ ಜರ್ಮನಿಯ ಒಕ್ಕೂಟ ಆಡಳಿತ ನ್ಯಾಯಾಲಯ ಹೇಳಿದೆ.

ಪ್ರಶ್ನೆ ಕೇಳಿದವರ ಮರುನುಡಿ (ಉಡುಪಿಯವನು)

ಮೂವರಿಗೂ ವಂದನೆಗಳು. ವಿಳಾಸ ತಿಳಿಸುವ ವಿಷಯವನ್ನು ಕಾರ್ಯದರ್ಶಿಯವರಿಗೆ ಬರೆದಿದ್ದೇನೆ. ಗುರುವಾರ ಯಾವ ಕಡೆ ಕೈ ಎತ್ತುವೆನೆಂದು ಈಗಲೂ ಹೇಳಲಾರೆ. ಎರಡನೆಯವರ ಲೆಕ್ಕ ತಲೆಯಿಂದ ಹೋಗುತ್ತಿಲ್ಲ. ಇತ್ತ ನನ್ನ ಹೆಂಡತಿ ನಿನ್ನೆ ಆರಾಧನೆ ಮುಗಿದ ಮೇಲೆ ಬಾಗಿಲ ಮೇಲಿನ ಪಟ್ಟಿಯಲ್ಲಿ ಶನಿವಾರದ ಸಾಲಿಗೆ ನಮ್ಮ ಮನೆಯ ಹೆಸರು ಬರೆದು ಬಂದಿದ್ದಾಳೆ. ಹುಡುಗನಿಗೆ ಖಾರ ಸೇರುತ್ತದೆಯೋ ಇಲ್ಲವೋ ವಿಚಾರಿಸಬೇಕು.