ಅಪ್‌ಡೇಟ್: ಹುಬ್ಬಳ್ಳಿಯಿಂದ ಪುಣೆಗೆ ಹೊರಟೆವು

ಹುಬ್ಬಳ್ಳಿ ಬಿಟ್ಟು ಯಾವ ಊರಿಗೆ ಮನೆ ಬದಲಿಸೋಣ, ಪುಣೆಯೋ, ಹೈದರಾಬಾದೋ, ಬೆಂಗಳೂರೋ ಎಂದು ಹಿಂದಿನ ಪೋಸ್ಟ್ನಲ್ಲಿ ಕೇಳಿದ್ದೆನಲ್ಲ, ಕೊನೆಗೆ ಪುಣೆ ಅಂತ ಗಟ್ಟಿಯಾಯಿತು. ಸಲಹೆ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಹೈದರಾಬಾದಿನಲ್ಲಿ ಅದೇ ಬಾಡಿಗೆಗೆ ದೊಡ್ಡ ಮನೆ ಸಿಗುತ್ತಿತ್ತು, ಸುಳ್ಳಲ್ಲ. ಆದರೆ ಅವ್ವ ಆಗಾಗ ಊರಿಗೆ ಹೋಗಲೇಬೇಕು. ಪುಣೆ–ಹುಬ್ಬಳ್ಳಿ ವಂದೇ ಭಾರತ್ 2024ರಿಂದ ಓಡುತ್ತಿದೆ, ವಾರಕ್ಕೆ ಮೂರು ದಿನ. ಉಳಿದ ದಿನ ಹೆದ್ದಾರಿ 48 ಇದ್ದೇ ಇದೆ, ಕೊಲ್ಹಾಪುರದಲ್ಲಿ ಊಟ ಮುಗಿಸಿ ಬರಬಹುದು.

ಬೆಂಗಳೂರು ಬೇಡ ಅಂದಿದ್ದಕ್ಕೆ ಬೈಯಬೇಡಿ. ಅಲ್ಲಾದರೆ ಆಫೀಸು ವೈಟ್‌ಫೀಲ್ಡ್‌ನಲ್ಲಿ, ನಮಗೆ ಎಟುಕುವ ಬಾಡಿಗೆ ಕೆಂಗೇರಿ ಕಡೆ. ನೇರಳೆ ಮೆಟ್ರೋ ಇದೆ, ಸರಿ. ಆದರೂ ದಿನಾ ಈ ತುದಿಯಿಂದ ಆ ತುದಿಗೆ ಯಾರು ಓಡಾಡ್ತಾರೆ?

ಮಕ್ಕಳಿಗೆ ಮರಾಠಿ ಹೊಸದು. ಮಹಾರಾಷ್ಟ್ರದ 2020ರ ಕಾನೂನಿನಿಂದ ಅಲ್ಲಿ ಸಿಬಿಎಸ್‌ಇ ಶಾಲೆಗಳಲ್ಲೂ ಅದು ಕಡ್ಡಾಯ. ಅವ್ವನ ತವರು ಬೆಳಗಾವಿ, ಹಾಗಾಗಿ ಪಾಠ ಈಗಲೇ ಶುರುವಾಗಿದೆ. ಬೈಗುಳ ಮಾತ್ರ ಇನ್ನೂ ಕನ್ನಡದಲ್ಲೇ!